ಕರೆಯದೆ ಬರುವ ಅಂಚೆ

ದ್ವಿತೀಯ ಪಿಯುಸಿಯ ವರ್ಷ ಬಂತೆಂದರೆ ಮನೆಮನೆಯಲ್ಲೂ ಅರ್ಜಿ ತುಂಬುವ ಗಡಿಬಿಡಿ. ಅಂಕೋಲಾ ಮತ್ತು ಕಾರವಾರಗಳ ನಡುವೆ ಹೆದ್ದಾರಿ 66ರ ಮೇಲಿರುವ ಅವರ್ಸಾದಂಥ ಊರಿನ ಮಕ್ಕಳೂ ಸಿಇಟಿಗೆ, ನೀಟ್‌ಗೆ, ವಿದ್ಯಾರ್ಥಿವೇತನಕ್ಕೆ, ಜೊತೆಗೆ ಎಲ್ಲೋ ಕಂಡ 'ಉಚಿತ ಮಾದರಿ ಪರೀಕ್ಷೆ'ಗೆ ಹೆಸರು ನೋಂದಾಯಿಸುತ್ತಾರೆ. ಪ್ರತಿ ಅರ್ಜಿಯಲ್ಲೂ ಇ-ಮೇಲ್ ವಿಳಾಸ ಕೇಳುವ ಚೌಕವೊಂದು ಇದ್ದೇ ಇರುತ್ತದೆ. ತಿಂಗಳು ಕಳೆಯುವುದರೊಳಗೆ ಆ ವಿಳಾಸಕ್ಕೆ ಕೋಚಿಂಗ್ ಕೇಂದ್ರ, ಹೆಸರೇ ಕೇಳದ ವಿಶ್ವವಿದ್ಯಾಲಯ, ಶಿಕ್ಷಣ ಸಾಲ, ಬಹುಮಾನ, ವಿದೇಶದ ನೌಕರಿ ಎಂದು ಪತ್ರಗಳ ಸುರಿಮಳೆ. ಈ ರಾಶಿಯಡಿ ಪ್ರವೇಶದ ಸೂಚನೆಯೊಂದು ಹೂತುಹೋದರೆ ವರ್ಷದ ಶ್ರಮಕ್ಕೇ ಸಂಚಕಾರ.

ಹಿಂದೆಯೂ ಜಾಹೀರಾತು ಪತ್ರಗಳು ಅಂಚೆಯಲ್ಲಿ ಬರುತ್ತಿದ್ದವು. ಆದರೆ ಕಳಿಸುವವನು ಕಾಗದಕ್ಕೆ, ಮುದ್ರಣಕ್ಕೆ, ಅಂಚೆಚೀಟಿಗೆ ದುಡ್ಡು ತೆರಬೇಕಿತ್ತು. ಹಾಗಾಗಿ ಯಾರಿಗೆ ಕಳಿಸಬೇಕೆಂದು ಯೋಚಿಸುತ್ತಿದ್ದ. ಇ-ಮೇಲ್‌ನಲ್ಲಿ ಹತ್ತು ಪತ್ರಕ್ಕೂ ಹತ್ತು ಲಕ್ಷ ಪತ್ರಕ್ಕೂ ಖರ್ಚಿನ ಅಂತರ ತೀರಾ ಕಡಿಮೆ. ರಂಪಣಿ ಬಲೆ ಎಳೆಯುವಾಗ ಬಂಗಡೆಯೊಂದೇ ಬರಲಿ ಎಂದರೆ ಆದೀತೇ? ಸುತ್ತಿಕೊಂಡದ್ದೆಲ್ಲ ದಡಕ್ಕೆ ಬರುತ್ತದೆ. ಇಲ್ಲಿಯೂ ಹಾಗೆಯೇ. ಲಕ್ಷದಲ್ಲಿ ನಾಲ್ಕು ಮಂದಿ ಸಿಕ್ಕಿದರೂ ಬಲೆ ಬೀಸಿದವನಿಗೆ ಲಾಭ.

ಈ ಚಾಳಿ ಹೊಸದಲ್ಲ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥೂರ್ಕ್ ಎಂಬ ಮಾರಾಟ ಅಧಿಕಾರಿ, ಇಂಟರ್‌ನೆಟ್‌ನ ಪೂರ್ವಜನಾದ ಅರ್ಪಾನೆಟ್‌ನ ಸುಮಾರು 400 ಮಂದಿಗೆ ತನ್ನ ಕಂಪನಿಯ ಹೊಸ ಗಣಕಯಂತ್ರಗಳ ಪ್ರಚಾರಪತ್ರ ಕಳಿಸಿದ. ಬೈಗುಳ ಬಂತು, ವ್ಯಾಪಾರವೂ ಕುದುರಿತು! ಇಂಥ ಪತ್ರಗಳಿಗೆ 'ಸ್ಪ್ಯಾಮ್' ಎಂಬ ಹೆಸರು ಬಂದದ್ದು ಆಮೇಲೆ. ಅದು 1937ರಿಂದ ಮಾರಾಟದಲ್ಲಿರುವ ಡಬ್ಬಿ ಮಾಂಸದ ಹೆಸರು. 1970ರ ಬ್ರಿಟಿಷ್ ಹಾಸ್ಯ ದೃಶ್ಯವೊಂದರಲ್ಲಿ ಹೋಟೆಲಿನ ತಿಂಡಿಪಟ್ಟಿಯ ತುಂಬ ಅದೇ ಪದ ಕೇಳಿ ಕೇಳಿ ತಲೆ ಚಿಟ್ಟುಹಿಡಿಯುತ್ತದೆ.

ಇರಲಿ, ಇದರಿಂದ ಪಾರಾಗುವುದು ಹೇಗೆ? ಮೊದಲು ತಿಳಿಯಬೇಕಾದುದು, ಬೇಡದ ಪತ್ರಗಳಲ್ಲಿ ಎರಡು ಜಾತಿ ಎಂಬುದು. ಒಂದು, ನೀವೇ ಎಲ್ಲೋ ಒಪ್ಪಿಗೆಯ ಗುರುತು ಹಾಕಿ (ಅಥವಾ ಮೊದಲೇ ಹಾಕಿಟ್ಟ ಗುರುತನ್ನು ಅಳಿಸದೆ ಬಿಟ್ಟು) ಬರಮಾಡಿಕೊಂಡದ್ದು. ಕಳಿಸುವ ಸಂಸ್ಥೆಗೆ ಹೆಸರು, ವಿಳಾಸ ಉಂಟು. ಇಂಥ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂಬ ಕೊಂಡಿ ಇರುತ್ತದೆ. ಜಿಮೇಲ್ ಅನೇಕ ಪತ್ರಗಳಲ್ಲಿ ಅದನ್ನು ಮೇಲೆ, ಕಳಿಸಿದವರ ಹೆಸರಿನ ಪಕ್ಕದಲ್ಲೇ ತೋರಿಸುತ್ತದೆ. ಒತ್ತಿದರೆ ಪಟ್ಟಿಯಿಂದ ಹೆಸರು ಹೋಗಬೇಕು. ಅಮೆರಿಕದ 2003ರ ಕಾಯಿದೆ ಇದಕ್ಕೆ 10 ಕೆಲಸದ ದಿನಗಳ ಗಡುವು ಕೊಟ್ಟಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಕೊಡಬೇಕು, ಎರಡು ದಿನಗಳೊಳಗೆ ಹೆಸರು ತೆಗೆಯಬೇಕು ಎಂದು ಗೂಗಲ್ 2024ರಲ್ಲಿ ನಿಯಮ ತಂದಿತು.

ಎರಡನೆಯ ಜಾತಿ ಅಪಾಯದ್ದು. ಕಳಿಸಿದವನಾರೋ ತಿಳಿಯದು, ಲಾಟರಿ ಬಂದಿದೆ, ಖಾತೆ ಮುಚ್ಚುತ್ತದೆ ಎಂಬ ಒಕ್ಕಣೆ. ಇವರು ವಿಳಾಸಗಳನ್ನು ಕದ್ದ ಪಟ್ಟಿಗಳಿಂದ ಪಡೆಯುತ್ತಾರೆ, ಇಲ್ಲವೇ ಸಾಮಾನ್ಯ ಹೆಸರುಗಳಿಗೆ ಅಂಕಿ ಸೇರಿಸಿ ಊಹಿಸುತ್ತಾರೆ. ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ. 'ನನ್ನ ಹೆಸರು ತೆಗೆಯಿರಿ' ಎಂದು ಉತ್ತರಿಸಿದರೆ, ಅಲ್ಲಿರುವ ಕೊಂಡಿ ಒತ್ತಿದರೆ, ಮನೆಯಲ್ಲಿ ಜನ ಇದ್ದಾರೆಂದು ನಾವೇ ಕೂಗಿ ಹೇಳಿದಂತೆ. ಪತ್ರದೊಳಗೆ ಕಣ್ಣಿಗೆ ಕಾಣದ ಒಂದೇ ಚುಕ್ಕೆಯ ಚಿತ್ರವನ್ನೂ ಅಡಗಿಸಿಡುವುದುಂಟು. ಪತ್ರ ತೆರೆದಾಗ ಆ ಚಿತ್ರ ಅವರ ಗಣಕದಿಂದ ಇಳಿಯುತ್ತದೆ. ಯಾವ ವಿಳಾಸದ ಪತ್ರ ಎಷ್ಟು ಹೊತ್ತಿಗೆ ತೆರೆಯಿತೆಂಬುದು ಅಲ್ಲಿ ದಾಖಲಾಗುತ್ತದೆ. ಚಿತ್ರಗಳನ್ನು ಕೇಳದೆ ತೋರಿಸಬಾರದೆಂಬ ಆಯ್ಕೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಈ ಜಾತಿಯ ಪತ್ರಕ್ಕೆ 'ರಿಪೋರ್ಟ್ ಸ್ಪ್ಯಾಮ್' ಗುಂಡಿಯೇ ಸರಿ.

ಆ ಗುಂಡಿ ಒತ್ತಿದಾಗ ಏನಾಗುತ್ತದೆ? ವಿದ್ಯಾರ್ಥಿಗಳಿಗೆ ಇದು ಸ್ವಾರಸ್ಯದ ವಿಷಯ. ದ್ವಿತೀಯ ಪಿಯುಸಿ ಗಣಿತದ ಸಂಭವನೀಯತೆ ಅಧ್ಯಾಯದಲ್ಲಿ ಬೇಯ್ಸ್ ಪ್ರಮೇಯ ಬರುತ್ತದಲ್ಲ, ಸ್ಪ್ಯಾಮ್ ಸೋಸುವ ಜರಡಿಗಳಿಗೆ ಅದೂ ಒಂದು ಬುನಾದಿ. 2002ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧ ಈ ವಿಧಾನವನ್ನು ಜನಪ್ರಿಯಗೊಳಿಸಿತು. ಲೆಕ್ಕ ಸುಲಭ. 100 ಪತ್ರಗಳಲ್ಲಿ 40 ಸ್ಪ್ಯಾಮ್, 60 ಒಳ್ಳೆಯವು ಎಂದಿಟ್ಟುಕೊಳ್ಳಿ. 'ಬಹುಮಾನ' ಎಂಬ ಪದ ಸ್ಪ್ಯಾಮ್‌ನ 20ರಲ್ಲಿ, ಒಳ್ಳೆಯವುಗಳ 3ರಲ್ಲಿ ಇದೆ. ಹಾಗಾದರೆ ಆ ಪದವಿರುವ ಪತ್ರ ಸ್ಪ್ಯಾಮ್ ಆಗಿರುವ ಸಂಭವ 23ರಲ್ಲಿ 20, ಅಂದರೆ ಸುಮಾರು ಶೇಕಡಾ 87. ಹೀಗೆ ಹತ್ತಾರು ಪದಗಳ ಸಾಕ್ಷ್ಯ ಸೇರಿಸಿ ಯಂತ್ರ ತೀರ್ಪು ಕೊಡುತ್ತದೆ. ಇಂದಿನ ಜರಡಿಗಳು ಇನ್ನೂ ಜಟಿಲ. ಆದರೂ ಕಲಿಯುವುದು ನಮ್ಮ ಬೆರಳಿನಿಂದಲೇ. ಬೇಸರದಿಂದ ಕಾಲೇಜಿನ ಪತ್ರಕ್ಕೂ ಸ್ಪ್ಯಾಮ್ ಎಂದು ಒತ್ತಿದರೆ ಅದು ತಪ್ಪು ಪಾಠ ಕಲಿತು, ನಾಳೆಯ ಪ್ರವೇಶಪತ್ರವನ್ನೂ ಅತ್ತಲೇ ತಳ್ಳಬಹುದು. ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿದ್ದುದು 30 ದಿನಗಳ ಬಳಿಕ ತಾನಾಗಿ ಅಳಿಸಿಹೋಗುತ್ತದೆ. ಪ್ರವೇಶದ ತಿಂಗಳುಗಳಲ್ಲಿ ಎರಡು ದಿನಕ್ಕೊಮ್ಮೆಯಾದರೂ ಅಲ್ಲಿ ಇಣುಕಬೇಕು.

ಕಾನೂನಿನ ಆಸರೆ ಎಷ್ಟಿದೆ? ದೂರವಾಣಿ ಕರೆ ಮತ್ತು ಎಸ್ಸೆಮ್ಮೆಸ್ ಕಾಟಕ್ಕೆ 1909 ಸಂಖ್ಯೆಯಲ್ಲಿ ದೂರು ಕೊಡಬಹುದು, 'ಬೇಡ' ಎಂದು ನೋಂದಾಯಿಸಬಹುದು. ಇ-ಮೇಲ್‌ಗೆ ಅಂಥ ರಾಷ್ಟ್ರೀಯ ಪಟ್ಟಿ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸ್ವಲ್ಪ ಭರವಸೆ ಮೂಡಿಸಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುತ್ತದೆ ಅದು. ಪಾಲಕರು ಗಮನಿಸಬೇಕಾದ ಅಂಶವೂ ಉಂಟು: 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದು. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಇದರಡಿ ಬರುತ್ತಾರೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ, ಸಂಸ್ಥೆಗಳ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು.

ಒಮ್ಮೆ ಕೈಯಿಂದ ಕೈಗೆ ಹೋದ ವಿಳಾಸವನ್ನು ಎಲ್ಲ ಪಟ್ಟಿಗಳಿಂದ ಅಳಿಸುವುದು ಯಾರಿಂದಲೂ ಆಗದು. ಆದ್ದರಿಂದ ಎರಡು ವಿಳಾಸ ಇಟ್ಟುಕೊಳ್ಳುವುದು ಲೇಸು: ಪರೀಕ್ಷೆ, ಬ್ಯಾಂಕು, ಕಾಲೇಜಿಗೆ ಒಂದು, ಉಚಿತದ ಆಸೆಗೆ ಇನ್ನೊಂದು. ಜಿಮೇಲ್‌ನಲ್ಲಿ ಹೆಸರಿನ ಬಳಿಕ, @ ಚಿಹ್ನೆಗೆ ಮೊದಲು, ಕೂಡು ಚಿಹ್ನೆ ಹಾಕಿ ಸಂಸ್ಥೆಯ ಹೆಸರನ್ನು ಸೇರಿಸಿಕೊಟ್ಟರೂ ಪತ್ರ ನಿಮಗೇ ತಲುಪುತ್ತದೆ. ಮುಂದೆ ಬೇರೆಯವರಿಂದ ಅದೇ ವಿಳಾಸಕ್ಕೆ ಪತ್ರ ಬಂದರೆ, ನಿಮ್ಮ ವಿಳಾಸ ಯಾರ ಕೈಯಿಂದ ಹೊರಬಿತ್ತೆಂದು ಊಹಿಸಬಹುದು. ಕೆಲವು ಅರ್ಜಿಗಳು ಆ ಚಿಹ್ನೆಯನ್ನು ಒಪ್ಪುವುದಿಲ್ಲ, ಅಷ್ಟೆ.

ಪೇಟೆಯ ಸೈಬರ್ ಕೇಂದ್ರದಲ್ಲಿ ಅರ್ಜಿ ತುಂಬಿಸಿದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಅವಸರದಲ್ಲಿ ಅಲ್ಲಿನವರು ತಮ್ಮದೇ ಇ-ಮೇಲ್ ಹಾಕಿಬಿಡುವುದುಂಟು. ಹೊಸ ಖಾತೆ ತೆರೆದುಕೊಟ್ಟಿದ್ದರೆ ಅದರ ಪಾಸ್‌ವರ್ಡ್ ಅವರಿಗೂ ಗೊತ್ತು. ಅರ್ಜಿಯ ಪ್ರತಿ ತೆಗೆದು ವಿಳಾಸ ಯಾರದೆಂದು ಓದಿ ನೋಡಿ. ಖಾತೆ ಅವರು ತೆರೆದದ್ದಾದರೆ ಪಾಸ್‌ವರ್ಡನ್ನು ಇಂದೇ ಬದಲಿಸಿ.