ವಾಂತಿ-ಭೇದಿ: ರೋಗಿಗೆ ನೀರು, ಊರಿಗೆ ಪರೀಕ್ಷೆ, ಕೆಲವರಿಗಷ್ಟೇ ಗುಳಿಗೆ

ಮಳೆಗಾಲದ ಹೊಸ ನೀರು ಹಳ್ಳಕ್ಕೆ ಇಳಿಯುತ್ತಿದ್ದಂತೆ ಆಸ್ಪತ್ರೆಗಳಿಗೆ ಬರುವ ವಾಂತಿ-ಭೇದಿ ರೋಗಿಗಳ ಸಂಖ್ಯೆ ಏರುತ್ತದೆ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಾಗಲಿ, ಹಂಪಿಯ ಸುತ್ತಲಿನ ಹಳ್ಳಿಗಳಾಗಲಿ, ಸಂಡೂರಿನ ಗಣಿ ಊರುಗಳಾಗಲಿ, ರಾತ್ರಿ ಹೊತ್ತು ಭೇದಿ ಹಿಡಿದರೆ ನಡೆಯುವುದು ಬಹುಮಟ್ಟಿಗೆ ಒಂದೇ ರೀತಿ. ಮೊದಲು ಮನೆಯಲ್ಲಿ ಉಳಿದಿದ್ದ ಗುಳಿಗೆ. ನಿಲ್ಲದಿದ್ದರೆ ಹತ್ತಿರದಲ್ಲಿ ಸಿಕ್ಕವರಿಂದ ಒಂದು ಇಂಜೆಕ್ಷನ್. ಬೆಳಗಿನ ಜಾವ ಕೈಕಾಲು ಸೆಳೆಯತೊಡಗಿದಾಗ ಕಂಪ್ಲಿಯ ದಾರಿ, ಅಲ್ಲಿಂದ ಹೊಸಪೇಟೆ ಅಥವಾ ಬಳ್ಳಾರಿ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಯ ಕಡೆಯವರು ಕೇಳುವುದು ಹೆಚ್ಚಾಗಿ ಎರಡೇ ಮಾತು: ‘ಗ್ಲೂಕೋಸ್ ಏರ್ಸ್ರಿ’, ‘ಪವರ್ ಇರೋ ಗುಳಿಗಿ ಕೊಡ್ರಿ’. ಕೋವಿಡ್ ಕಾಲ ಕಳೆದ ಮೇಲೆ ಮೂರನೆಯದೊಂದು ಸೇರಿಕೊಂಡಿದೆ: ‘ಟೆಸ್ಟ್ ಮಾಡಂಗಿಲ್ಲೇನ್ರಿ?’ ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಯಾವುದು ಯಾರಿಗೆ, ಯಾವಾಗ ಎಂಬುದನ್ನು ಮನೆಯವರು ತಿಳಿದಿದ್ದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಮಕರಬ್ಬಿಯ ನೆನಪು

ಇದು ಸಣ್ಣ ಕಾಯಿಲೆಯಲ್ಲ. 2021ರ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನಲ್ಲಿ ನಮ್ಮದೇ ಭಾಗದ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು. ಮುಖ್ಯಮಂತ್ರಿಗಳು ತನಿಖೆಗೆ ಆದೇಶಿಸಬೇಕಾಯಿತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇಂಥದೇ ಸಾವುಗಳಾದಾಗ ಯಾರೋ ನೀರಿಗೆ ವಿಷ ಬೆರೆಸಿದ್ದಾರೆಂಬ ಗುಮಾನಿ ಎದ್ದಿತ್ತು. ಆಮೇಲೆ ಪ್ರಯೋಗಾಲಯದಿಂದ ಬಂದದ್ದು ಕಾಲರಾ ರೋಗಾಣುವಿನ ವರದಿ. ಹಳ್ಳಿಯವರಿಗಷ್ಟೇ ಬರುವ ಬೇನೆ ಇದು ಎಂದುಕೊಳ್ಳುವುದೂ ಬೇಡ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ 47 ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಿದರು. ಅವರಲ್ಲಿ ಇಬ್ಬರಿಗೆ ಕಾಲರಾ ಖಚಿತವಾಯಿತು. ಹಿರಿಯರು ‘ಪಟಕಿ’ ಎಂದು ಕರೆಯುತ್ತಿದ್ದ ರೋಗ ನಮ್ಮನ್ನು ಬಿಟ್ಟು ಹೋಗಿಲ್ಲ.

ಕೊಲ್ಲುವುದು ನೀರಿನ ಕೊರತೆ

ಭೇದಿಯಲ್ಲಿ ಜೀವ ತೆಗೆಯುವುದು ಸಾಮಾನ್ಯವಾಗಿ ರೋಗಾಣುವಲ್ಲ, ಅದು ಹೊರಗೆ ಹರಿಸಿಬಿಡುವ ನೀರು ಮತ್ತು ಲವಣ. ಕಾಲರಾ ಜೋರಾಗಿದ್ದರೆ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೋಗಬಹುದು. ಕಣ್ಣು ಗುಳಿ ಬೀಳುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ನಿಧಾನವಾಗಿ ಇಳಿಯುವುದು, ಮೂತ್ರ ನಿಲ್ಲುವುದು, ಮಗು ಮಂಕಾಗಿ ಕುಡಿಯಲೂ ಆಗದಿರುವುದು – ಇವು ಅಪಾಯದ ಸೂಚನೆಗಳು. ಆಗ ಯಾವ ಪರೀಕ್ಷೆಗೂ ಕಾಯುವಂತಿಲ್ಲ.

ಲೆಕ್ಕ ನೋಡಿ. ತೀವ್ರ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ, ಒಂದು ವರ್ಷ ಮೀರಿದವರಿಗೆ ಮೂರು ಗಂಟೆಯೊಳಗೆ ಕಿಲೋ ತೂಕಕ್ಕೆ 100 ಮಿ.ಲೀ. 50 ಕಿಲೋ ತೂಗುವ ವ್ಯಕ್ತಿಗೆ ಅದು 5 ಲೀಟರ್, ಎಂದರೆ ಅರ್ಧ ಲೀಟರಿನ ಹತ್ತು ಬಾಟಲಿ! ಅದರಲ್ಲಿ ಮೂರು ಬಾಟಲಿ ಮೊದಲ ಅರ್ಧ ಗಂಟೆಯಲ್ಲೇ ಹೋಗಬೇಕು. ರಾತ್ರಿಯಿಡೀ ಹನಿ ಹನಿಯಾಗಿ ಇಳಿಯುವ ಒಂದೇ ಬಾಟಲಿ ಮನೆಯವರಿಗೆ ಸಮಾಧಾನ ಕೊಡಬಹುದು, ರೋಗಿಗೆ ಸಾಲದು. ಇಲ್ಲಿ ಬೇಕಾದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಬರೀ ಗ್ಲೂಕೋಸ್ ನೀರು ಕಳೆದುಹೋದ ಲವಣವನ್ನು ತುಂಬಿಕೊಡುವುದಿಲ್ಲ.

ಕುಡಿಯಬಲ್ಲವರಿಗೆ ಸೂಜಿಯೇ ಬೇಡ, ‘ಜೀವಜಲ’ (ಓ.ಆರ್.ಎಸ್.) ಸಾಕು. 1971ರ ಯುದ್ಧದ ಕಾಲದಲ್ಲಿ ಬಂಗಾಳದ ಬೋಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಸಕ್ಕರೆ-ಉಪ್ಪಿನ ನೀರು ತುಂಬಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಸುತ್ತ ಇದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅಂಗಡಿಯಲ್ಲಿ ಕೊಳ್ಳುವಾಗ 20.5 ಗ್ರಾಂನ ಪೊಟ್ಟಣವನ್ನೇ ಕೇಳಿ ಪಡೆಯಿರಿ. ಅದು ಸರಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿದರೆ ಲವಣದ ಹದ ಕೆಡುತ್ತದೆ. ಹಣ್ಣಿನ ರುಚಿಯ ಡಬ್ಬಿಗಳ ಮೇಲೆ ‘ಓ.ಆರ್.ಎಸ್.’ ಎಂದು ಬರೆದು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಅದರಲ್ಲಿರುವ ಹೆಚ್ಚಿನ ಸಕ್ಕರೆ ಭೇದಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪೊಟ್ಟಣ ಇಲ್ಲವೇ? ಒಂದು ಲೀಟರ್ ನೀರಿಗೆ ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬಾರದು.

ಕಾಲು ಗಂಟೆಯ ಪಟ್ಟಿ

ಇನ್ನು ಪರೀಕ್ಷೆಯ ವಿಷಯ. ಕಾಲರಾವನ್ನು ಖಚಿತಪಡಿಸುವ ಹಳೆಯ ವಿಧಾನವೆಂದರೆ ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದು. ಅದಕ್ಕೆ ಎರಡು-ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿ ಗುಣವಾಗಿ ಮನೆಗೆ ಹೋಗಿರುತ್ತಾನೆ, ಇಲ್ಲವೇ ಕೈಮೀರಿರುತ್ತದೆ. ಈಗ ಇರುವ ಶೀಘ್ರ ಪರೀಕ್ಷೆ ಗರ್ಭ ಪರೀಕ್ಷೆಯ ಪಟ್ಟಿಯ ಜಾತಿಯದೇ. ಮಲದ ಮಾದರಿಯಲ್ಲಿ ಕಾಗದದ ಪಟ್ಟಿಯನ್ನು ಅದ್ದಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಕರೆಂಟು ಬೇಡ, ಸೂಕ್ಷ್ಮದರ್ಶಕ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಕೆಲಸ.

ಆದರೆ ಗೆರೆ ಮೂಡಿದ ಮಾತ್ರಕ್ಕೆ ಕಾಲರಾ ಎಂದಲ್ಲ, ಮೂಡದಿದ್ದರೆ ಅಲ್ಲವೆಂದೂ ಅಲ್ಲ. ಪಟ್ಟಿ ತಪ್ಪುವುದುಂಟು. ಅದಕ್ಕಾಗಿಯೇ ತಜ್ಞರು ಒಬ್ಬ ರೋಗಿಯ ಚಿಕಿತ್ಸೆಯನ್ನು ಈ ಪಟ್ಟಿಯ ಮೇಲೆ ನಿರ್ಧರಿಸಬೇಡಿ ಎನ್ನುತ್ತಾರೆ. ಹಾಗಾದರೆ ಇದರಿಂದ ಪ್ರಯೋಜನವೇನು? ಪ್ರಯೋಜನ ಊರಿಗೆ. ಒಂದೇ ಓಣಿಯಿಂದ ಬಂದ ನಾಲ್ಕಾರು ಮಂದಿಯ ಪಟ್ಟಿಯಲ್ಲಿ ಗೆರೆ ಕಂಡರೆ ಕೂಡಲೇ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿ ಬರುವ ಮೊದಲೇ ಟ್ಯಾಂಕಿಗೆ ಕ್ಲೋರಿನ್ ಹಾಕಬಹುದು, ಚರಂಡಿಯಲ್ಲಿ ಮುಳುಗಿದ ಒಡೆದ ಪೈಪನ್ನು ಹುಡುಕಬಹುದು. ವಿಷದ ಗುಮಾನಿಗೂ ಅವಕಾಶ ಕಡಿಮೆ. ಎರಡು ದಿನ ಮೊದಲು ನಿಲ್ಲಿಸಿದ ನಲ್ಲಿ ಎಷ್ಟು ಮನೆಗಳನ್ನು ಉಳಿಸುತ್ತದೆ ಎಂಬುದನ್ನು ಯೋಚಿಸಿ.

ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಇನ್ನೊಂದು ಯಂತ್ರ ಬಂದಿದೆ. ಸುಮಾರು ಒಂದು ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ರೋಗಾಣುಗಳನ್ನು ಒಟ್ಟಿಗೆ ಹುಡುಕುತ್ತದೆ. ಖರ್ಚು ಸಾವಿರಾರು ರೂಪಾಯಿ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ವಾರಗಟ್ಟಲೆ ಭೇದಿ ನಿಲ್ಲದವರಿಗೆ ಉಪಯೋಗ ಉಂಟು. ಉಳಿದವರ ವಿಷಯದಲ್ಲಿ ಅದು ಕೆಲವೊಮ್ಮೆ ಗೊಂದಲವನ್ನೇ ಹೆಚ್ಚಿಸುತ್ತದೆ. ಆರೋಗ್ಯವಾಗಿರುವ ಮಗುವಿನ ಕರುಳಲ್ಲೂ ರೋಗಾಣುಗಳು ಸುಮ್ಮನೆ ಇರುವುದುಂಟು. ಯಂತ್ರ ಕಂಡದ್ದೆಲ್ಲ ಕಾಯಿಲೆಯ ಕಾರಣವಲ್ಲ.

ಗುಳಿಗೆ ಯಾರಿಗೆ?

ಎಳೆಯ ಮಕ್ಕಳ ನೀರು ಭೇದಿಗೆ ಹಲವು ಬಾರಿ ಕಾರಣ ರೋಟಾದಂಥ ವೈರಸ್. ಅದರ ಮುಂದೆ ಯಾವ ಆ್ಯಂಟಿಬಯಾಟಿಕ್ಕೂ ನಡೆಯದು. (ರೋಟಾ ಲಸಿಕೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತ, ತಪ್ಪಿಸಬೇಡಿ.) ಮಕ್ಕಳಿಗೆ ಜೀವಜಲದ ಜೊತೆ ಬೇಕಾದದ್ದು ಸತುವಿನ ಮಾತ್ರೆ, ಎಂದರೆ ಜಿಂಕ್: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., ಅದಕ್ಕೂ ಚಿಕ್ಕವರಿಗೆ 10 ಮಿ.ಗ್ರಾಂ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಆ್ಯಂಟಿಬಯಾಟಿಕ್ ನಿಜವಾಗಿ ಬೇಕಾಗುವವರು ಕಡಿಮೆ. ನಿರ್ಜಲೀಕರಣ ತೀವ್ರವಾಗಿರುವ ಕಾಲರಾ ರೋಗಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಒಂದೇ ಸಲ ಕೊಡುತ್ತಾರೆ. ಅದರಿಂದ ಭೇದಿಯ ಅವಧಿ ಸುಮಾರು ಅರ್ಧಕ್ಕಿಳಿಯುತ್ತದೆ, ಬಾಟಲಿಗಳೂ ಉಳಿಯುತ್ತವೆ. ಜ್ವರದೊಂದಿಗೆ ರಕ್ತಭೇದಿ ಇದ್ದರೂ ಔಷಧಿ ಬೇಕಾಗುತ್ತದೆ, ಏಕೆಂದರೆ ಅಲ್ಲಿ ಶಿಗೆಲ್ಲಾ ಇರಬಹುದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಶಾಲಾ ಬಾಲಕಿಯೊಬ್ಬಳು ತೀರಿಕೊಂಡಾಗ ಪತ್ತೆಯಾದದ್ದು ಇದೇ ರೋಗಾಣು. ಅದಕ್ಕೆ ಹಿಂದೆ ಸಲೀಸಾಗಿ ನಾಟುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ಈಗ ಬಹಳ ಕಡೆ ನಾಟುತ್ತಿಲ್ಲ. ಕಾರಣ ದೂರ ಹುಡುಕಬೇಕಿಲ್ಲ. ಪ್ರತಿ ಭೇದಿಗೂ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್, ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಗುಳಿಗೆಗಳನ್ನು ಎರಡು ಹೊತ್ತು ನುಂಗಿ ಉಳಿದದ್ದನ್ನು ಡಬ್ಬಿಗೆ ಹಾಕುವ ರೂಢಿ ನಮ್ಮಲ್ಲಿ ಮನೆಮನೆಯದು. ಆ್ಯಂಟಿಬಯಾಟಿಕ್ ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆ ಇರುತ್ತದೆ. ಸರ್ಕಾರ ಅದರ ಬಗ್ಗೆ 2016ರಲ್ಲಿ ಪ್ರಚಾರ ಆರಂಭಿಸಿದ್ದು, ವೈದ್ಯರ ಚೀಟಿ ಇಲ್ಲದೆ ಅಂಥ ಗುಳಿಗೆ ನುಂಗಬಾರದು ಎಂದು ತಿಳಿಸಲಿಕ್ಕೇ. ಭೇದಿಯನ್ನು ಕಟ್ಟಿಹಾಕುವ ಲೋಪರಮೈಡ್ ಮಾತ್ರೆಯಂತೂ ಮಕ್ಕಳಿಗೂ ರಕ್ತಭೇದಿಯವರಿಗೂ ಅಪಾಯ.

ಮನೆಯ ಗುಳಿಗೆಯಿಂದ ಇನ್ನೊಂದು ತೊಂದರೆಯೂ ಇದೆ. ಅದನ್ನು ನುಂಗಿ ಬಂದವರ ಮಲದಲ್ಲಿ ರೋಗಾಣು ಬೆಳೆಯದೆ ವರದಿ ‘ಏನೂ ಇಲ್ಲ’ ಎಂದು ಬರಬಹುದು. ಆಗ ರೋಗಿಗೆ ಗುಣವಾದರೂ ಊರಿನ ಟ್ಯಾಂಕಿನ ಕಥೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಮಾದರಿ ಕೊಡಬೇಕಾದದ್ದು ಮೊದಲ ಗುಳಿಗೆಗೆ ಮುನ್ನ: ಅಗಲ ಬಾಯಿಯ ಶುಭ್ರ ಡಬ್ಬಿಯಲ್ಲಿ, ಮೂತ್ರ ಬೆರೆಯದಂತೆ. ಆದರೆ ರೋಗಿ ಸೋತಿದ್ದರೆ ಮಾದರಿಗಾಗಿ ಸಲೈನ್ ತಡೆಯಬಾರದು.

ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳುವ ಮೊದಲೇ ಹೇಳಬೇಕಾದ ಸಂಗತಿಗಳಿವೆ. ಎಷ್ಟು ಸಲ ಆಯಿತು, ರಕ್ತ ಇತ್ತೇ ಅಥವಾ ಅಕ್ಕಿ ತೊಳೆದ ನೀರಿನಂತಿತ್ತೇ, ಕೊನೆಯ ಬಾರಿ ಮೂತ್ರ ಹೋದದ್ದು ಯಾವಾಗ, ಏನು ನುಂಗಿದಿರಿ. ಖಾಲಿ ಗುಳಿಗೆ ಪಟ್ಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಓಣಿಯಲ್ಲಿ ಇನ್ನೂ ಯಾರಿಗಾದರೂ ಹೀಗೇ ಆಗಿದ್ದರೆ ಅದನ್ನು ಆಸ್ಪತ್ರೆಯಲ್ಲೂ ಊರಿನ ಆಶಾ ಕಾರ್ಯಕರ್ತೆಗೂ ಅದೇ ದಿನ ತಿಳಿಸಿ. ದಾರಿ ದೂರವಾಗಿದ್ದರೆ 108ಕ್ಕೆ ಫೋನ್ ಮಾಡಿ, ವಾಹನ ಬರುವವರೆಗೂ ಜೀವಜಲ ಗುಟುಕರಿಸುತ್ತಿರಲಿ.