ಮಗಳು ಗಗನಸಖಿಯಾಗುತ್ತೇನೆ ಎಂದರೆ...

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಈಗ ಪಿಯುಸಿ, ಡಿಗ್ರಿ ಎಂದು ಓದುತ್ತಿದ್ದಾರೆ. ಬೆಳಿಗ್ಗೆ ಬಸ್ ಪಾಸ್ ಹಿಡಿದು ಸಂಕೇಶ್ವರಕ್ಕೋ ಬೆಳಗಾವಿಗೋ ಹೋಗಿ ಸಂಜೆ ಬರುತ್ತಾರೆ. ಮುಂದೇನು ಎಂದು ಕೇಳಿದಾಗ ಟೀಚರ್, ನರ್ಸ್, ಬ್ಯಾಂಕ್ ನೌಕರಿ ಎಂಬ ಉತ್ತರಕ್ಕೆ ತಂದೆ-ತಾಯಿ ಸಿದ್ಧರಿರುತ್ತಾರೆ. ಆದರೆ "ಅಮ್ಮೀ, ನಾನು ವಿಮಾನದಲ್ಲಿ ಕೆಲಸಕ್ಕೆ ಸೇರುತ್ತೇನೆ, ದುಬೈಗೆ ಹೋಗುತ್ತೇನೆ" ಎಂದು ಮಗಳು ಹೇಳಿದರೆ?

ಗದರಿಸಿ ಸುಮ್ಮನಾಗಿಸುವುದು ಸುಲಭ. ಜಾಹೀರಾತು ನೋಡಿ ಹಿಗ್ಗಿ, ಒಡವೆ ಅಡವಿಟ್ಟು ಹಣ ಕಟ್ಟುವುದೂ ಸುಲಭ. ಎರಡರಲ್ಲಿ ಯಾವುದನ್ನು ಮಾಡುವ ಮೊದಲೂ ಆ ಕೆಲಸ ಏನು, ಅದರ ಲಾಭವೇನು, ಅಪಾಯವೇನು ಎಂದು ತಾಯಿ-ಮಗಳು ಕೂತು ತಿಳಿದುಕೊಳ್ಳಬೇಕು.

ಬರೀ ಚಹಾ ಕೊಡುವ ಕೆಲಸವೇ?

ಗಗನಸಖಿ ಎಂದರೆ ಅಲಂಕಾರ ಮಾಡಿಕೊಂಡು ಊಟದ ತಟ್ಟೆ ಕೊಡುವವಳು ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ಈ ವೃತ್ತಿ ಆರಂಭವಾದದ್ದು ಹಾಗಲ್ಲ. 1930ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ವಿಮಾನದಲ್ಲಿ ಕೆಲಸ ಮಾಡಿದ ಮಹಿಳೆ ಎಲೆನ್ ಚರ್ಚ್ ಒಬ್ಬ ನರ್ಸ್. ಆ ಕಾಲದಲ್ಲಿ ಕಂಪನಿ ನರ್ಸ್‌ಗಳನ್ನೇ ಈ ಕೆಲಸಕ್ಕೆ ಆರಿಸುತ್ತಿತ್ತು.

ಇಂದಿಗೂ ಅವರ ಮೊದಲ ಕರ್ತವ್ಯ ಪ್ರಯಾಣಿಕರ ಪ್ರಾಣರಕ್ಷಣೆ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡುವಂತಿರಬೇಕು ಎಂಬುದು ವಿಮಾನಗಳಿಗೆ ಮಂಜೂರಾತಿ ನೀಡುವಾಗಿನ ನಿಯಮ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ವಿಮಾನ ದುಬೈ ನಿಲ್ದಾಣದಲ್ಲಿ ನೆಲಕ್ಕಪ್ಪಳಿಸಿ ಬೆಂಕಿ ಹತ್ತಿಕೊಂಡಿತು. ಅದರಲ್ಲಿದ್ದ 300 ಮಂದಿಯೂ ಜೀವಂತ ಹೊರಬಂದರು. ಬೆಂಕಿ ನಂದಿಸಲು ಬಂದ ಒಬ್ಬ ಸಿಬ್ಬಂದಿ ಮಾತ್ರ ಪ್ರಾಣ ಕಳೆದುಕೊಂಡರು. ಕೈಚೀಲ ಬಿಟ್ಟು ಇಳಿಯಿರಿ ಎಂದು ಕೂಗಿ ಜನರನ್ನು ಜಾರುಬಂಡಿಯ ಮೇಲೆ ಇಳಿಸಿದವರು ಈ ಸಿಬ್ಬಂದಿಯೇ. 1986ರಲ್ಲಿ ಕರಾಚಿಯಲ್ಲಿ ಅಪಹರಣಕಾರರ ಎದುರು ಪ್ರಯಾಣಿಕರನ್ನು ರಕ್ಷಿಸುತ್ತಾ ಗುಂಡಿಗೆ ಬಲಿಯಾದ ನೀರಜಾ ಭಾನೋಟ್‌ಗೆ ಆಗ ಇನ್ನೂ 23 ತುಂಬಿರಲಿಲ್ಲ. ಸರಕಾರ ಅವರಿಗೆ ಮರಣೋತ್ತರ ಅಶೋಕ ಚಕ್ರ ನೀಡಿತು.

ಅಪಾಯವಿಲ್ಲದ ಕೆಲಸ ಇದಲ್ಲ ಎಂಬುದೂ ನಿಜ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಕಂದಕಕ್ಕುರುಳಿ 158 ಮಂದಿ ಮಡಿದಾಗ ಅವರಲ್ಲಿ ವಿಮಾನದ ಸಿಬ್ಬಂದಿಯೆಲ್ಲರೂ ಇದ್ದರು.

ಯಾರು ಸೇರಬಹುದು?

ಎಮಿರೇಟ್ಸ್ ಕೇಳುವ ಅರ್ಹತೆಗಳನ್ನೇ ನೋಡೋಣ. ವಯಸ್ಸು 21 ತುಂಬಿರಬೇಕು. ಪಿಯುಸಿ ಮಟ್ಟದ ಓದು ಆಗಿರಬೇಕು. ಎತ್ತರ ಕನಿಷ್ಠ 160 ಸೆಂಟಿಮೀಟರ್. ತುದಿಗಾಲ ಮೇಲೆ ನಿಂತು ಕೈಚಾಚಿದರೆ 212 ಸೆಂಟಿಮೀಟರ್ ಎತ್ತರ ಮುಟ್ಟಬೇಕು. ತುರ್ತು ಸಾಮಗ್ರಿಗಳು ತಲೆಯ ಮೇಲಿನ ಗೂಡುಗಳಲ್ಲಿರುವುದರಿಂದ ಈ ನಿಯಮ. ಇಂಗ್ಲಿಷ್ ಸರಾಗವಾಗಿ ಬರಬೇಕು. ಗ್ರಾಹಕರೊಂದಿಗೆ ವ್ಯವಹರಿಸಿದ ಅನುಭವವನ್ನೂ ಕೇಳುತ್ತಾರೆ.

ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಇಂಗ್ಲಿಷ್ ಎಂದೊಡನೆ ಹಿಂಜರಿಯುತ್ತಾರೆ. ಆದರೆ ನಿಮ್ಮ ಮಗಳ ಬಳಿ ಇರುವುದನ್ನೂ ಎಣಿಸಿರಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಭಾರತದ ಕಾರ್ಮಿಕರನ್ನು ತುಂಬಿಕೊಂಡು ಹಾರುವ ಗಲ್ಫ್ ವಿಮಾನದಲ್ಲಿ, ಮೊದಲ ಬಾರಿ ಹತ್ತಿ ಹೆದರಿ ಕೂತವನಿಗೆ ಅವನ ಭಾಷೆಯಲ್ಲೇ ಧೈರ್ಯ ಹೇಳುವವಳು ಕಂಪನಿಗೂ ಬೇಕು. ಇಂಗ್ಲಿಷನ್ನು ದಿನಕ್ಕೆ ಒಂದು ಗಂಟೆ ಗಟ್ಟಿಯಾಗಿ ಓದಿ, ಮಾತನಾಡಿ ಕಲಿಯಬಹುದು.

18ರಿಂದ 21ರ ನಡುವಿನ ಮೂರು ವರ್ಷ ವ್ಯರ್ಥವಲ್ಲ. ಆ ಅವಧಿಯಲ್ಲಿ ಡಿಗ್ರಿ ಮುಗಿಯುತ್ತದೆ. ನಂತರ ಒಂದು ವರ್ಷ ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲೋ ಹೋಟೆಲಿನಲ್ಲೋ ಕೆಲಸ ಮಾಡಿದರೆ ಅನುಭವವೂ ಸಿಗುತ್ತದೆ. ಡಿಗ್ರಿಯನ್ನು ಅರ್ಧಕ್ಕೆ ಬಿಡಿಸಿ ಕಳಿಸುವ ಅವಸರ ಖಂಡಿತ ಬೇಡ.

ಹಣ ಕೇಳಿದರೆ ಎಚ್ಚರ!

ನಮ್ಮ ಮನೆಗಳು ಮೋಸಹೋಗುವುದು ಇಲ್ಲಿಯೇ. ಲಕ್ಷಾಂತರ ರೂಪಾಯಿ ಶುಲ್ಕ ಪಡೆದು ಗಗನಸಖಿ ತರಬೇತಿ ಕೊಡುವ ಸಂಸ್ಥೆಗಳು ನಗರಗಳಲ್ಲಿವೆ. ದೊಡ್ಡ ಗಲ್ಫ್ ಕಂಪನಿಗಳು ಅಂಥ ಸರ್ಟಿಫಿಕೇಟನ್ನು ಕಡ್ಡಾಯ ಮಾಡಿಲ್ಲ. ಆಯ್ಕೆಯಾದವರಿಗೆ ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ನೀರಿನಲ್ಲಿ ಬದುಕುಳಿಯುವುದು ಮುಂತಾದ ತರಬೇತಿಯನ್ನು ಅವೇ ಕೊಡುತ್ತವೆ. ಕಂಪನಿಗಳು ಅರ್ಜಿಗೆ, ಸಂದರ್ಶನಕ್ಕೆ, ವೀಸಾಕ್ಕೆ ಎಂದು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. "ಸೀಟು ಪಕ್ಕಾ, ಇಷ್ಟು ಕೊಡಿ" ಎಂದರೆ ಅದು ಮೋಸ ಎಂದೇ ತಿಳಿಯಿರಿ.

ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ನೋಂದಾಯಿತರ ಪಟ್ಟಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅಂಥವರು ಕೂಡ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. "ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಎಂಬ ಮಾತಿಗೆ ಒಪ್ಪಲೇಬೇಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ನಿಮ್ಮ ಮಗಳು.

ದೀನ್ ಮತ್ತು ದುಡಿಮೆ

ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಮರೆಮಾಚದೆ ಮಾತನಾಡೋಣ. ಎಮಿರೇಟ್ಸ್, ಇತಿಹಾದ್, ಕತಾರ್ ಏರ್‌ವೇಸ್‌ಗಳು ಮುಸ್ಲಿಂ ದೇಶಗಳ ಕಂಪನಿಗಳಾದರೂ ಅವುಗಳ ವಿಮಾನಗಳಲ್ಲಿ ಮದ್ಯ ನೀಡಲಾಗುತ್ತದೆ. ಅದನ್ನು ಕೊಡಬೇಕಾದವರು ಸಿಬ್ಬಂದಿಯೇ. ಎಮಿರೇಟ್ಸ್ ಗಗನಸಖಿಯರ ಕೆಂಪು ಟೋಪಿಯಿಂದ ಇಳಿಬಿದ್ದ ಬಿಳಿ ವಸ್ತ್ರ ಸಮವಸ್ತ್ರದ ಭಾಗವೇ ಹೊರತು ಹಿಜಾಬ್ ಅಲ್ಲ. ಇದು ತಿಳಿಯದೆ ಹೋದವಳಿಗೆ ಮೊದಲ ದಿನವೇ ಮನಸ್ಸು ಕದಡುತ್ತದೆ.

ಬೇರೆ ದಾರಿಗಳಿಲ್ಲವೆಂದಲ್ಲ. ಸೌದಿಯಾ, ಕುವೈತ್ ಏರ್‌ವೇಸ್, ಏರ್ ಅರೇಬಿಯಾ, ರಾಯಲ್ ಬ್ರೂನೈ ವಿಮಾನಗಳಲ್ಲಿ ಮದ್ಯ ನೀಡುವುದಿಲ್ಲ. ಈಜಿಪ್ಟ್‌ಏರ್ 2012ರಲ್ಲಿ ಮೊದಲ ಬಾರಿಗೆ ಹಿಜಾಬ್ ಧರಿಸಿದ ಗಗನಸಖಿಗೆ ಅವಕಾಶ ನೀಡಿತು. ಸಮವಸ್ತ್ರ, ಮದ್ಯ, ನಮಾಝ್, ರಮಝಾನಿನ ಉಪವಾಸ ಇವುಗಳ ಬಗ್ಗೆ ಕಂಪನಿಯ ನಿಯಮವೇನೆಂದು ಸಂದರ್ಶನಕ್ಕೆ ಮುನ್ನವೇ ತಿಳಿಯಿರಿ. ಒಂಟಿ ಪ್ರಯಾಣದ ಬಗ್ಗೆ ಸಂದೇಹವಿದ್ದರೆ ನಂಬಿಕೆಯ ಆಲಿಮರಲ್ಲಿ ಕೇಳಿರಿ. ಕೆಲಸಕ್ಕೆ ಸೇರುವ ಮುನ್ನ ಮಗಳು "ನನ್ನಿಂದಾಗದು" ಎಂದರೆ ಯಾರಿಗೂ ನಷ್ಟವಿಲ್ಲ. ವಿಮಾನ ನಿಲ್ದಾಣದಲ್ಲಿ ನೆಲದ ಮೇಲಿನ ಕೆಲಸಗಳೂ ಸಾಕಷ್ಟಿವೆ.

ಅಲ್ಲಿಯ ಬದುಕು

ಫೋಟೋದಲ್ಲಿ ಕಾಣುವುದು ನಗು ಮಾತ್ರ. ಮಧ್ಯರಾತ್ರಿ ಎರಡಕ್ಕೆ ಎದ್ದು ಹೊರಡುವುದು, ಗಡಿಯಾರ ಬದಲಾದಂತೆ ನಿದ್ದೆ ಕೆಡುವುದು, ಈದ್ ದಿನವೂ ಆಕಾಶದಲ್ಲಿರುವುದು ಫೋಟೋದಲ್ಲಿ ಬರುವುದಿಲ್ಲ. ಕಂಪನಿ ಕೊಡುವ ಮನೆಯಲ್ಲಿ ಬೇರೆ ದೇಶದ ಹುಡುಗಿ ಜೊತೆಗಿರುತ್ತಾಳೆ. ಅಡಿಗೆ ಮಾಡಿಕೊಳ್ಳುವುದು, ಖರ್ಚಿನ ಲೆಕ್ಕ ಇಡುವುದು, "ಬೇಡ" ಎಂದು ಗಟ್ಟಿಯಾಗಿ ಹೇಳುವುದು ಇವನ್ನೆಲ್ಲ ಊರಲ್ಲೇ ಕಲಿಸಿರಿ.

ಸಂಬಳದಲ್ಲಿ ಮೂಲ ವೇತನ ಒಂದು ಭಾಗ, ಹಾರಿದ ಗಂಟೆಗಳ ಭತ್ಯೆ ಇನ್ನೊಂದು ಭಾಗ. ಕಾಯಿಲೆಯಿಂದ ಮಲಗಿದ ತಿಂಗಳು ಕೈಗೆ ಬರುವುದು ಕಡಿಮೆ. ಹಾಗಾಗಿ ಮಗಳ ದುಡಿಮೆ ನಂಬಿ ತಕ್ಷಣ ಮನೆಯ ಸಾಲ, ತಮ್ಮನ ಬೈಕು ಎಂದು ಹೊರೆ ಹೇರಬೇಡಿ. ಅವಳ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ ಇರಲಿ.

ಮದುವೆ ಮತ್ತು ಮಕ್ಕಳ ವಿಷಯದಲ್ಲಿ ಈ ವೃತ್ತಿ ಹಿಂದೆ ಕಠೋರವಾಗಿತ್ತು. ಮೊದಲ ಬಾರಿ ಗರ್ಭಿಣಿಯಾದೊಡನೆ ಕೆಲಸದಿಂದ ತೆಗೆಯುವ ಏರ್ ಇಂಡಿಯಾದ ನಿಯಮವನ್ನು 1981ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಯುಎಇಯಲ್ಲಿ 2022ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು 60 ದಿನಗಳ ಹೆರಿಗೆ ರಜೆ ನೀಡುತ್ತದೆ. ಕಾರ್ಮಿಕರ ಪಾಸ್‌ಪೋರ್ಟನ್ನು ಮಾಲಕರು ಇಟ್ಟುಕೊಳ್ಳುವುದೂ ಅಲ್ಲಿ ನಿಷಿದ್ಧ. ಆದರೂ ಕಂಪನಿಯ ಕರಾರುಪತ್ರದಲ್ಲಿ ಏನಿದೆ ಎಂದು ಓದದೆ ಸಹಿ ಹಾಕಬಾರದು.

ಕೆಲಸ ಶಾಶ್ವತವಲ್ಲ ಎಂಬುದನ್ನೂ ನೆನಪಿಡಿ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದವು. 2020ರ ಕೊರೋನಾ ಕಾಲದಲ್ಲಿ ಗಲ್ಫ್ ಕಂಪನಿಗಳೂ ಸಾವಿರಾರು ಮಂದಿಯನ್ನು ಮನೆಗೆ ಕಳಿಸಿದವು. ಆಗ ಕೈಹಿಡಿಯುವುದು ಡಿಗ್ರಿ ಮತ್ತು ಉಳಿತಾಯ ಮಾತ್ರ.

ಹೊರಡುವ ಮುನ್ನ

* ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಬರೀ ಇನಿಶಿಯಲ್ ಎಂದಿದ್ದರೆ ಈಗಲೇ ಸರಿಪಡಿಸಿರಿ.
* ಪಾಸ್‌ಪೋರ್ಟ್‌ಗೆ ಬೆಳಗಾವಿಯ ಅಂಚೆ ಕಚೇರಿಯಲ್ಲಿರುವ ಸೇವಾ ಕೇಂದ್ರದಲ್ಲಿ ವ್ಯವಸ್ಥೆಯಿದೆ. ಸಾಮಾನ್ಯ ಶುಲ್ಕ 1,500 ರೂಪಾಯಿ. ಮಧ್ಯವರ್ತಿ ಬೇಕಿಲ್ಲ.
* ಕಂಪನಿಯ ಅಧಿಕೃತ ಜಾಲತಾಣದಲ್ಲಿ ಮಾತ್ರ ಅರ್ಜಿ ಹಾಕಿರಿ.
* ಕರಾರುಪತ್ರ, ವೀಸಾ, ಪಾಸ್‌ಪೋರ್ಟ್‌ಗಳ ಪ್ರತಿ ಮನೆಯಲ್ಲಿರಲಿ.
* ವಿದೇಶದಲ್ಲಿ ದುಡಿಯುವವರಿಗಾಗಿ ಸರಕಾರದ ಸಹಾಯವಾಣಿ 1800 11 3090 ಬರೆದಿಟ್ಟುಕೊಳ್ಳಿ.

ಈ ಮಾಹಿತಿಯೆಲ್ಲ ಮುಂದಿಟ್ಟುಕೊಂಡು ಮಗಳ ಜೊತೆ ಒಂದು ಸಂಜೆ ನಿಧಾನವಾಗಿ ಮಾತನಾಡಿರಿ. ಕಳಿಸುವುದೋ ಬೇಡವೋ ಎಂಬುದು ನಿಮ್ಮ ಮನೆಯ ತೀರ್ಮಾನ. ಕಳಿಸಿದರೆ, ಅಲ್ಲಿ ಮನಸ್ಸಿಗೆ ಒಗ್ಗದಿದ್ದ ದಿನ "ಜನ ಏನೆಂದಾರು" ಎಂಬ ಭಯವಿಲ್ಲದೆ ಅವಳು ನಿಮಗೆ ಫೋನ್ ಮಾಡುವಂತಿರಬೇಕು. ಆ ಬಾಗಿಲು ತೆರೆದಿಡುವುದು ನಿಮ್ಮ ಕೈಯಲ್ಲಿದೆ.