ಕಳುಹಿಸಿದ ಇ-ಮೇಲ್ ಹೋಗದಿದ್ದಾಗ: ಮನೆಯ ಗಣಕಯಂತ್ರದಲ್ಲಿ ಪರಿಶೀಲಿಸಬೇಕಾದ ಅಂಶಗಳು



ತಮ್ಮ ವಾರ್ಡಿನ ಕುಡಿಯುವ ನೀರಿನ ಕಾಮಗಾರಿಯನ್ನು ಕ್ರಿಯಾಯೋಜನೆಗೆ ಸೇರಿಸುವಂತೆ ಕೋರಿ ಸದಸ್ಯರೊಬ್ಬರು ಮನವಿಯೊಂದನ್ನು ಸಿದ್ಧಪಡಿಸಿದ್ದರು. ಕೊನೆಯ ದಿನದ ರಾತ್ರಿ, ಹನ್ನೊಂದು ಛಾಯಾಚಿತ್ರಗಳನ್ನು ಲಗತ್ತಿಸಿ, ಮನೆಯ ಗಣಕಯಂತ್ರದಿಂದ ಇ-ಮೇಲ್ ಮಾಡಿ, ಯಂತ್ರವನ್ನು ಆರಿಸಿ ಮಲಗಿದರು. ವಾರ ಕಳೆದು ವಿಚಾರಿಸಿದಾಗ ಪತ್ರವು ಕಚೇರಿಗೆ ಬಂದೇ ಇರಲಿಲ್ಲ. ಅವರ ಮನೆಯಲ್ಲಿ ಯಂತ್ರವನ್ನು ತೆರೆದು ನೋಡಿದಾಗ ಅದು ಔಟ್‌ಬಾಕ್ಸ್‌ನಲ್ಲಿಯೇ ಉಳಿದಿತ್ತು. ಆ ಬೀದಿಯ ನಿವಾಸಿಗಳು ಬೇಸಿಗೆಯನ್ನು ಟ್ಯಾಂಕರ್ ನೀರಿನಲ್ಲಿಯೇ ಕಳೆಯಬೇಕಾಯಿತು. ಇಂತಹ ಸಂದರ್ಭ ಮರುಕಳಿಸಬಾರದೆಂಬುದೇ ಈ ಲೇಖನದ ಉದ್ದೇಶ.

'ಕಳುಹಿಸಿದೆ' ಎನ್ನುವುದು ಯಾವಾಗ?

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸುವವರ ನಿಯಂತ್ರಣದ ಹೊರಗಿರುವ ಗಣಕ ಸಂಪನ್ಮೂಲವನ್ನು ಪ್ರವೇಶಿಸಿದಾಗ ಮಾತ್ರ ರವಾನೆಯಾದಂತೆ. 'ಸೆಂಡ್' ಗುಂಡಿಯನ್ನು ಒತ್ತಿದ ಮಾತ್ರಕ್ಕೆ ರವಾನೆಯಾಗುವುದಿಲ್ಲ. ಔಟ್‌ಬಾಕ್ಸ್‌ನಲ್ಲಿರುವ ಪತ್ರವು ಅಂಚೆ ಡಬ್ಬಿಗೆ ಹಾಕದೆ ಜೇಬಿನಲ್ಲಿಟ್ಟುಕೊಂಡ ಲಕೋಟೆಗೆ ಸಮಾನ. ಆದ್ದರಿಂದ ಪ್ರತಿ ಬಾರಿಯೂ 'ಸೆಂಟ್' ಕಡತಕೋಶವನ್ನು ತೆರೆದು ಪತ್ರ ಅಲ್ಲಿದೆಯೇ ಎಂದು ನೋಡತಕ್ಕದ್ದು.

ಪರಿಶೀಲನೆಯ ಕ್ರಮ

1. ಸಂಪರ್ಕ: ಮೊದಲು ಬ್ರೌಸರ್‌ನಲ್ಲಿ ಹಿಂದೆಂದೂ ತೆರೆಯದ ಒಂದು ಜಾಲತಾಣವನ್ನು ತೆರೆಯಿರಿ. ಅದು ತೆರೆಯದಿದ್ದರೆ ದೋಷವು ಅಂತರ್ಜಾಲ ಸಂಪರ್ಕದಲ್ಲಿದೆ, ಇ-ಮೇಲ್‌ನಲ್ಲಿ ಅಲ್ಲ. ಔಟ್‌ಲುಕ್ ಬಳಸುವವರು 'ವರ್ಕ್ ಆಫ್‌ಲೈನ್' ಆಯ್ಕೆ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಬೇಕು.

2. ದಿನಾಂಕ ಮತ್ತು ಸಮಯ: ಯಂತ್ರವು ತಪ್ಪು ದಿನಾಂಕವನ್ನು ತೋರಿಸುತ್ತಿದ್ದರೆ, ಸರ್ವರ್‌ನ ಭದ್ರತಾ ಪ್ರಮಾಣಪತ್ರದ ಅವಧಿಯು ಅದಕ್ಕೆ ತಾಳೆಯಾಗದೆ ಸಂಪರ್ಕವೇ ನಿರಾಕರಿಸಲ್ಪಡುತ್ತದೆ. ಪ್ರತಿ ಬಾರಿ ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ, ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿರುವ ಸಂಭವವುಂಟು. ಅದನ್ನು ಬದಲಿಸಿದರೆ ಸಾಕು.

3. ವಿಳಾಸ: ಒಂದು ಅಕ್ಷರ ಹಿಂದುಮುಂದಾದರೂ, ಚುಕ್ಕೆಯ ಬದಲು ಅಲ್ಪವಿರಾಮ ಬಿದ್ದರೂ ಪತ್ರ ತಲುಪುವುದಿಲ್ಲ. ಕಚೇರಿಯ ವಿಳಾಸ ಬದಲಾಗಿದ್ದರೆ, ಹಿಂದೆ ಉಳಿಸಿಕೊಂಡ ಹಳೆಯ ವಿಳಾಸವನ್ನು ಯಂತ್ರವೇ ಸೂಚಿಸುತ್ತಿರುತ್ತದೆ. ಅದನ್ನು ಅಳಿಸಿ ಹೊಸದನ್ನು ಬರೆಯಿರಿ.

4. ಲಗತ್ತಿನ ಗಾತ್ರ: ಮೇಲಿನ ಪ್ರಕರಣದಲ್ಲಿ ಆದದ್ದು ಇದೇ. ಜಿಮೇಲ್‌ನಲ್ಲಿ ಲಗತ್ತುಗಳ ಒಟ್ಟು ಮಿತಿ 25 ಎಂಬಿ. ಕಡತವನ್ನು ಇ-ಮೇಲ್ ರೂಪಕ್ಕೆ ಪರಿವರ್ತಿಸುವಾಗ ಅದರ ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. 18 ಎಂಬಿ ಕಡತವು 24 ಎಂಬಿ ಆಗುತ್ತದೆ. ಸ್ವೀಕರಿಸುವ ಕಚೇರಿಯ ಮಿತಿ ಇದಕ್ಕಿಂತ ಕಡಿಮೆಯೂ ಇರಬಹುದು. ಛಾಯಾಚಿತ್ರಗಳ ಗಾತ್ರ ತಗ್ಗಿಸಿ, ಅಥವಾ ಎರಡು-ಮೂರು ಪತ್ರಗಳಲ್ಲಿ ಹಂಚಿ, 'ಭಾಗ 1', 'ಭಾಗ 2' ಎಂದು ವಿಷಯದ ಸಾಲಿನಲ್ಲಿ ನಮೂದಿಸಿ ಕಳುಹಿಸಿ. ದಾಖಲೆಗಳನ್ನು ಇಂಚಿಗೆ 150ರಿಂದ 200 ಚುಕ್ಕೆಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಓದಲು ಸಾಕಾಗುತ್ತದೆ.

5. ಖಾತೆಯ ಸ್ಥಳಾವಕಾಶ: ಗೂಗಲ್‌ನ ಉಚಿತ ಖಾತೆಯ 15 ಜಿಬಿ ಸ್ಥಳವನ್ನು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮೊಬೈಲ್‌ನ ಚಿತ್ರಗಳೇ ಅದನ್ನು ತುಂಬಿಸಿದರೂ ಇ-ಮೇಲ್ ನಿಂತುಹೋಗುತ್ತದೆ. ಅನಗತ್ಯವಾದವುಗಳನ್ನು ಅಳಿಸಿ, 'ಟ್ರ್ಯಾಶ್' ಅನ್ನೂ ಖಾಲಿ ಮಾಡಿರಿ.

6. ಬರುತ್ತದೆ, ಹೋಗುವುದಿಲ್ಲ: ಔಟ್‌ಲುಕ್, ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳಲ್ಲಿ ಪತ್ರ ತರುವ ಸರ್ವರ್ ಬೇರೆ, ಒಯ್ಯುವ ಸರ್ವರ್ ಬೇರೆ. ಒಯ್ಯುವ ಸರ್ವರ್ ಎಸ್‌ಎಂಟಿಪಿ ಎಂಬ ವಿಧಾನವನ್ನು ಅನುಸರಿಸುತ್ತದೆ. ಅನಪೇಕ್ಷಿತ ಇ-ಮೇಲ್ ತಡೆಯಲೆಂದು ಅನೇಕ ಅಂತರ್ಜಾಲ ಸೇವಾದಾರರು ಇದರ 25ನೇ ಪೋರ್ಟ್ ಅನ್ನು ಮುಚ್ಚಿರುತ್ತಾರೆ. ಸಂಯೋಜನೆಯಲ್ಲಿ 587 ಅಥವಾ 465 ಇದೆಯೇ ಎಂದು ನೋಡಿ. ಇದಲ್ಲದೆ, 2022ರ ಮೇ 30ರಿಂದ ಗೂಗಲ್ ಕೇವಲ ಸಾಮಾನ್ಯ ಪಾಸ್‌ವರ್ಡ್‌ನಿಂದ ಪ್ರವೇಶಿಸುವ ಹಳೆಯ ತಂತ್ರಾಂಶಗಳಿಗೆ ಅವಕಾಶವನ್ನು ಹಿಂತೆಗೆದುಕೊಳ್ಳಲು ಆರಂಭಿಸಿತು. ಅಂತಹ ತಂತ್ರಾಂಶ ಬಳಸುವವರು ಎರಡು ಹಂತದ ಪರಿಶೀಲನೆಯನ್ನು ಚಾಲ್ತಿಗೊಳಿಸಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು. ಇದು ಕಠಿಣವೆನಿಸಿದರೆ ಬ್ರೌಸರ್‌ನಲ್ಲಿಯೇ ಜಿಮೇಲ್ ತೆರೆದು ಕಳುಹಿಸುವುದು ಸುಲಭ ಮಾರ್ಗ.

ಮರಳಿ ಬಂದ ಪತ್ರವನ್ನು ಓದುವ ಬಗೆ

'ಮೇಲರ್ ಡೀಮನ್' ಹೆಸರಿನಲ್ಲಿ ಬರುವ ಇಂಗ್ಲಿಷ್ ಸಂದೇಶವನ್ನು ಓದದೆ ಅಳಿಸಬೇಡಿ. ಕಾರಣ ಅದರಲ್ಲಿಯೇ ಇರುತ್ತದೆ. ಅದರಲ್ಲಿರುವ ಮೂರಂಕಿಯ ಸಂಖ್ಯೆ 4ರಿಂದ ಆರಂಭವಾದರೆ ತೊಂದರೆ ತಾತ್ಕಾಲಿಕ. ಸರ್ವರ್ ಸಾಮಾನ್ಯವಾಗಿ ತಾನೇ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಆರಂಭವಾದರೆ ಪತ್ರವು ತಿರಸ್ಕೃತವಾಗಿದೆ. ದೋಷವನ್ನು ಸರಿಪಡಿಸದೆ ಅದನ್ನೇ ಪುನಃ ಕಳುಹಿಸಿ ಪ್ರಯೋಜನವಿಲ್ಲ. 550 ಬಂದರೆ ಸಾಮಾನ್ಯವಾಗಿ ವಿಳಾಸವನ್ನು, 552 ಬಂದರೆ ಗಾತ್ರ ಅಥವಾ ಸ್ಥಳಾವಕಾಶವನ್ನು, 535 ಬಂದರೆ ಪಾಸ್‌ವರ್ಡ್ ಅನ್ನು ಮೊದಲು ಪರಿಶೀಲಿಸಿ.

ಎಚ್ಚರಿಕೆ

'ನಿಮ್ಮ ಇ-ಮೇಲ್ ಸ್ಥಗಿತಗೊಂಡಿದೆ, ಸರಿಪಡಿಸಲು ಇಲ್ಲಿ ಒತ್ತಿ' ಎಂಬ ಸಂದೇಶಗಳು ಬಹುತೇಕ ವಂಚನೆಯವು. ಪಾಸ್‌ವರ್ಡ್, ಒಟಿಪಿಗಳನ್ನು ಯಾರಿಗೂ, ಸಹಾಯಕ್ಕೆ ಬಂದವರಿಗೂ, ತಿಳಿಸಬಾರದು. ವಂಚನೆಯಿಂದ ಹಣ ಹೋದಲ್ಲಿ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

ಕೊನೆಯದಾಗಿ

'ಸೆಂಟ್' ಕಡತಕೋಶದಲ್ಲಿ ಕಂಡ ಪತ್ರವೂ ಸ್ವೀಕರಿಸುವವರ 'ಸ್ಪ್ಯಾಮ್'ನಲ್ಲಿ ಬಿದ್ದಿರಬಹುದು. ಆದ್ದರಿಂದ ಗಡುವಿಗೆ ಕನಿಷ್ಠ ಒಂದು ದಿನ ಮುಂಚಿತವಾಗಿ ಕಳುಹಿಸುವುದು, ಮರುದಿನ ದೂರವಾಣಿ ಮೂಲಕ ಆವಕ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳುವುದು, ಮುಖ್ಯವಾದ ಮನವಿಗೆ ಕಾಗದದ ಪ್ರತಿಯನ್ನೂ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ನಾವು ಕಳುಹಿಸುವ ಪತ್ರದ ಹಿಂದೆ ಒಂದು ಬೀದಿಯ, ಒಂದು ಕುಟುಂಬದ ಅಗತ್ಯವಿರುತ್ತದೆ. ಮೇಲಿನ ಕ್ರಮಗಳಿಂದಲೂ ದೋಷ ಪರಿಹಾರವಾಗದಿದ್ದಲ್ಲಿ, ಪರದೆಯ ಮೇಲಿನ ಸಂದೇಶದ ಛಾಯಾಚಿತ್ರದೊಂದಿಗೆ ತಮ್ಮ ಗ್ರಾಮ ಪಂಚಾಯಿತಿ ಕಚೇರಿಯನ್ನು ಸಂಪರ್ಕಿಸಲು ಕೋರಿದೆ.

- ಪಂಚಾಯಿತಿ ಅಭಿವೃದ್ಧಿ ಅಧಿಕಾರಿ